ಐದನೆಯ ಗಾಲಿಯ ಚರಿತ್ರೆ

ಚರಿತ್ರೆಯೆಂದೊಡನೆಯೇ ನಮ್ಮ ಕಣ್ಣಮುಂದೆ ಬಂದು ನಿಲ್ಲುವುವು ಅರಸರ ವಂಶಾವಳಿ, ಕೋಟೆಕೊತ್ತಲಗಳ ಮುತ್ತಿಗೆ, ಒಪ್ಪಂದಗಳ ತಾರೀಕು. ಪಾಠಪುಸ್ತಕಗಳೂ ಬಹುಮಟ್ಟಿಗೆ ಇವುಗಳಿಂದಲೇ ತುಂಬಿರುತ್ತವೆ. ಆದರೆ ನಾವು ದಿನನಿತ್ಯ ಕೈಯಲ್ಲಿ ಹಿಡಿಯುವ, ಕಣ್ಣೆದುರು ಕಾಣುವ, ಬಾಯಲ್ಲಿ ಹೆಸರಿಸುವ ಸಾಮಾನ್ಯ ವಸ್ತುಗಳಿಗೂ ಚರಿತ್ರೆಯುಂಟು. ಅವುಗಳ ಹಿಂದೆಯೂ ಮಾನವನ ಕಷ್ಟ, ಬುದ್ಧಿ, ಲಾಭದಾಸೆ, ಸೋಲು ಗೆಲವುಗಳು ಅಡಗಿರುತ್ತವೆ. ಅಂತಹದೊಂದು ವಸ್ತು ನಮ್ಮ ಕಾಲದಲ್ಲಿಯೇ, ನಮ್ಮ ಕಣ್ಣೆದುರಿಗೇ ಮರೆಯಾಗುತ್ತಿರುವುದರಿಂದ ಅದರ ಕಥೆಯನ್ನು ಅಧ್ಯಾಪಕ ಬಂಧುಗಳ ಮತ್ತು ವಿದ್ಯಾರ್ಥಿಗಳ ಮುಂದಿಡಲು ಬಯಸಿದ್ದೇವೆ. ಆ ವಸ್ತುವೇ ಮೋಟಾರು ಬಂಡಿಯ ಐದನೆಯ ಗಾಲಿ; ಅರ್ಥಾತ್ ನಾವೆಲ್ಲರೂ ‘ಸ್ಟೆಪ್ನಿ’ ಎಂದು ಕರೆಯುವ ಮೀಸಲು ಗಾಲಿ.

ಈ ಲೇಖನಕ್ಕೆ ಕಾರಣಳಾದವಳು ನಮ್ಮ ನಾಲ್ಕನೆಯ ತರಗತಿಯ ಒಬ್ಬ ಹುಡುಗಿ. ಅನ್ಯದೇಶಗಳಿಂದ ಬಂದು ಕನ್ನಡದಲ್ಲಿ ನೆಲೆಸಿದ ಪದಗಳನ್ನು ಕುರಿತು ಒಂದು ದಿನ ಪಾಠ ನಡೆದಿತ್ತು. ಬಟಾಟೆ, ಅನಾನಸು, ಪಾದ್ರಿ ಇವು ಪೋರ್ತುಗೀಜರಿಂದ ಬಂದವೆಂದು ಕಪ್ಪುಹಲಗೆಯ ಮೇಲೆ ಬರೆದಿದ್ದೆವು. ಆಗ ಆ ಹುಡುಗಿ ಎದ್ದುನಿಂತು, “ಮಾಸ್ಟ್ರೇ, ಸ್ಟೆಪ್ನಿ ಎಂಬುದು ಯಾವ ಭಾಷೆ?” ಎಂದು ಕೇಳಿದಳು. ಇಂಗ್ಲಿಷೆಂದು ನಾವು ಹೇಳಿದೆವಾದರೂ ಆ ಉತ್ತರದಲ್ಲಿ ನಮಗೇ ನಂಬಿಕೆಯಿರಲಿಲ್ಲ. ಅಷ್ಟರಲ್ಲಿ ಅವಳ ಎರಡನೆಯ ಪ್ರಶ್ನೆ ಬಂತು: “ಹೊಸ ಕಾರಿನಲ್ಲಿ ಅದು ಏಕೆ ಇರುವುದಿಲ್ಲ?” ಇದಕ್ಕೆ ನಾವು ನಿರುತ್ತರರಾದೆವು. ಆ ಪ್ರಶ್ನೆ ಅವಳಿಗೆ ಎಲ್ಲಿಂದ ಹುಟ್ಟಿತೆಂಬುದು ಮಾತ್ರ ನಮಗೆ ಚೆನ್ನಾಗಿ ತಿಳಿದಿತ್ತು.

ಕಳೆದ ಆಟಿ ತಿಂಗಳ ಒಂದು ರಾತ್ರಿ ನಮ್ಮ ಸಹೋದ್ಯೋಗಿಯೊಬ್ಬರ ತಾಯಿಯವರಿಗೆ ಎದೆನೋವು ಕಾಣಿಸಿಕೊಂಡಿತು. ಕಾಸರಗೋಡು ಸೀಮೆಯ ನಮಗೆ ದೊಡ್ಡ ಕಾಯಿಲೆಯೆಂದರೆ ಮಂಗಳೂರೇ ಗತಿ. ಸಹೋದ್ಯೋಗಿ ಮೂರು ತಿಂಗಳ ಹಿಂದೆಯಷ್ಟೇ ಕೊಂಡಿದ್ದ ಹೊಸ ಕಾರಿನಲ್ಲಿ ಅಮ್ಮನನ್ನು ಮಲಗಿಸಿಕೊಂಡು, ಬದಿಯಡ್ಕ ಕುಂಬಳೆಗಳ ಮಾರ್ಗವನ್ನು ಸೇರುವ ಉದ್ದೇಶದಿಂದ ಒಳದಾರಿಯಲ್ಲಿ ಹೊರಟೆವು. ಸುರಿಯುವ ಮಳೆ, ಮಾರ್ಗದ ಗುಂಡಿಗಳೆಲ್ಲವೂ ಕೆಂಪುನೀರಿನಿಂದ ತುಂಬಿ ಸಮತಟ್ಟಾಗಿ ತೋರುತ್ತಿದ್ದವು. ಅಂತಹ ಒಂದು ಗುಂಡಿಯಲ್ಲಿದ್ದ ಚೂಪಾದ ಮುರಕಲ್ಲು ಎಡಗಡೆಯ ಮುಂದಿನ ಟಯರಿನ ಪಕ್ಕವನ್ನು ಸೀಳಿತು. ಇಳಿದು ಡಿಕ್ಕಿಯನ್ನು ತೆರೆದು ನೋಡಿದರೆ ಅಲ್ಲಿ ಗಾಲಿಯಿರಲಿಲ್ಲ. ಗಾಲಿಯಿರಬೇಕಾದಲ್ಲಿ ಒಂದು ದ್ರವದ ಬಾಟಲಿ, ಗಾಳಿ ತುಂಬುವ ಒಂದು ಪುಟ್ಟ ಯಂತ್ರ, ಒಂದು ಸೂಚನಾ ಪುಸ್ತಿಕೆ ಇದ್ದವು. ಕೈದೀಪದ ಬೆಳಕಿನಲ್ಲಿ ಪುಸ್ತಿಕೆಯನ್ನು ಓದಿ, ಹೇಳಿದಂತೆಯೇ ಮಾಡಿದೆವು. ಒಳಹೋದ ಬಿಳಿಯ ದ್ರವವು ಸೀಳಿನಿಂದ ಹೊರಬಂದು ಮಳೆನೀರಿನೊಡನೆ ಹರಿದುಹೋಯಿತು. ಪುಸ್ತಿಕೆಯ ಕೊನೆಯ ಪುಟದಲ್ಲಿದ್ದ ಸಂಖ್ಯೆಗೆ ದೂರವಾಣಿ ಮಾಡಿದಾಗ, ಸಹಾಯದ ವಾಹನ ಬೆಳಗಾಗುವ ಹೊತ್ತಿಗೆ ಬರಬಹುದೆಂದು ಒಂದು ಮೃದುವಾದ ಧ್ವನಿ ತಿಳಿಸಿತು.

ಮುಕ್ಕಾಲು ಗಂಟೆಯ ತರುವಾಯ ರಬ್ಬರು ಶೀಟು ಹೇರಿಕೊಂಡ ಒಂದು ಹಳೆಯ ಜೀಪು ಬಂತು. ಅದರ ಚಾಲಕ ನಮ್ಮನ್ನು ಗುರುತಿಸಿ ಇಳಿದುಬಂದು, “ಸ್ಟೆಪ್ನಿ ತೆಗೆಯಿರಿ ಮಾಸ್ಟ್ರೇ, ಹತ್ತು ನಿಮಿಷದ ಕೆಲಸ,” ಎಂದನು. ಸ್ಟೆಪ್ನಿಯಿಲ್ಲವೆಂದೆವು. “ಮನೆಯಲ್ಲಿ ಬಿಟ್ಟು ಬಂದಿರಾ?” ಎಂದನು. ಕಂಪೆನಿಯವರೇ ಕೊಟ್ಟಿಲ್ಲವೆಂದಾಗ ಅವನು ಒಂದು ಗಳಿಗೆ ಸುಮ್ಮನೆ ನಿಂತನು. ಮರುಮಾತಾಡದೆ ರಬ್ಬರನ್ನು ಮಾರ್ಗದ ಬದಿಗೆ ಇಳಿಸಿ, ಅಮ್ಮನನ್ನು ಜೀಪಿನಲ್ಲಿ ಮಲಗಿಸಿ ಮಂಗಳೂರಿಗೆ ಮುಟ್ಟಿಸಿದನು. ಅಮ್ಮ ಬದುಕಿದರು, ಈಗ ಮನೆಯಂಗಳದಲ್ಲಿ ನಡೆದಾಡುತ್ತಿದ್ದಾರೆ. ಪ್ರಶ್ನೆ ಕೇಳಿದ ಹುಡುಗಿ ಆ ಚಾಲಕನ ಮಗಳು.

ಹೀಗಾಗಿ ಆ ಎರಡು ಪ್ರಶ್ನೆಗಳಿಗೆ ಸರಿಯಾದ ಉತ್ತರವನ್ನು ಹುಡುಕುವುದು ನಮಗೆ ಋಣದಂತಾಯಿತು. ಉತ್ತರಕ್ಕಾಗಿ ನಾವು ಬಹಳ ಹಿಂದಕ್ಕೆ, ಗಾಲಿಗೆ ಗಾಳಿ ತುಂಬಿದ ಕಾಲಕ್ಕೆ ಹೋಗಬೇಕಾಗಿದೆ.

ಎತ್ತಿನ ಗಾಡಿಯ ಗಾಲಿಗೆ ಮೀಸಲು ಗಾಲಿ ಬೇಕಾಗಿರಲಿಲ್ಲ. ಮರದ ಗಾಲಿಗೆ ಕಬ್ಬಿಣದ ಪಟ್ಟಿಯನ್ನು ಕಾಯಿಸಿ ತೊಡಿಸಿದರೆ ಅದು ವರ್ಷಗಟ್ಟಲೆ ಉರುಳುತ್ತಿತ್ತು. ಮೊಳೆ ಚುಚ್ಚಿದರೆ ಅದಕ್ಕೇನೂ ಬಾಧಕವಿಲ್ಲ. ಬಾಧಕವೆಲ್ಲವೂ ಒಳಗೆ ಕುಳಿತವನ ಬೆನ್ನೆಲುಬಿಗೆ. ಈ ಕುಲುಕಾಟವನ್ನು ನಿವಾರಿಸಲು ರಬ್ಬರು ಬೇಕಾಯಿತು. ಆದರೆ ಹಸಿ ರಬ್ಬರು ಸೆಕೆಗೆ ಅಂಟಂಟಾಗಿ, ಚಳಿಗೆ ಗಡುಸಾಗಿ ಕೆಲಸಕ್ಕೆ ಬಾರದಂತಾಗುತ್ತಿತ್ತು. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಎಂಬವನು ರಬ್ಬರಿಗೆ ಗಂಧಕವನ್ನು ಬೆರೆಸಿ ಕಾಯಿಸಿದರೆ ಅದು ಎಲ್ಲ ಹವೆಯಲ್ಲಿಯೂ ಒಂದೇ ಗುಣದಿಂದಿರುವುದನ್ನು ಕಂಡುಹಿಡಿದನು. ಅವನ ಹೆಸರು ಇಂದಿಗೂ ಟಯರುಗಳ ಮೇಲೆ ಮೆರೆಯುತ್ತಿದೆ. ಅವನಾದರೋ 1860ರಲ್ಲಿ ಸಾಲದ ಹೊರೆಯೊಡನೆಯೇ ಮರಣ ಹೊಂದಿದನು. 1876ರಲ್ಲಿ ಹೆನ್ರಿ ವಿಕ್‌ಹ್ಯಾಂ ಎಂಬ ಆಂಗ್ಲನು ಬ್ರೆಜಿಲಿನಿಂದ ಸುಮಾರು 70,000 ರಬ್ಬರು ಬೀಜಗಳನ್ನು ಲಂಡನ್ನಿನ ಕ್ಯೂ ಉದ್ಯಾನಕ್ಕೆ ಸಾಗಿಸಿದನು. ಅಲ್ಲಿ ಮೊಳೆತ ಸಸಿಗಳು ಸಿಂಹಳಕ್ಕೂ ಮಲಯಕ್ಕೂ ಹೋದುವು. ಇಂದು ನಮ್ಮ ಕಾಸರಗೋಡಿನ ಗುಡ್ಡಗಳಲ್ಲಿ ಬೆಳಗಿನ ಜಾವ ಹಾಲು ಸುರಿಸುವ ಮರಗಳು ಅದೇ ಜಾತಿಯವು. ಮಕ್ಕಳು ಮನೆಯಂಗಳದಲ್ಲಿ ಒಣಗಿರುವುದನ್ನು ನೋಡುವ ರಬ್ಬರು ಶೀಟಿಗೂ ಮೋಟಾರಿನ ಟಯರಿಗೂ ಇರುವ ಸಂಬಂಧವನ್ನು ಅಧ್ಯಾಪಕರು ಇಲ್ಲಿ ಸುಲಭವಾಗಿ ತೋರಿಸಬಹುದು.

ಗಾಳಿ ತುಂಬಿದ ಟಯರನ್ನು ಮೊದಲು ಕಲ್ಪಿಸಿದವನು ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್. 1845ರಲ್ಲಿ, ತನ್ನ 23ನೆಯ ವಯಸ್ಸಿನಲ್ಲಿ ಅವನು ಅದರ ಹಕ್ಕುಪತ್ರವನ್ನು ಪಡೆದನು. ರಬ್ಬರು ಲೇಪಿಸಿದ ಬಟ್ಟೆಯ ಕೊಳವೆ, ಅದರ ಮೇಲೆ ಚರ್ಮದ ಹೊದಿಕೆ: ಇದು ಅವನ ರಚನೆ. ಕುದುರೆ ಗಾಡಿಗಳಿಗೆ ತೊಡಿಸಿ ಲಂಡನ್ನಿನ ಉದ್ಯಾನವೊಂದರಲ್ಲಿ ಓಡಿಸಿಯೂ ತೋರಿಸಿದನು. ಆದರೆ ಅದರ ಬೆಲೆ ಅತಿಯಾಗಿದ್ದುದರಿಂದ ಲೋಕವು ಅದನ್ನು ಮರೆತುಬಿಟ್ಟಿತು. ಸುಮಾರು 40 ವರ್ಷಗಳ ಬಳಿಕ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದಲ್ಲಿ ಪಶುವೈದ್ಯನಾಗಿದ್ದ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ಅದನ್ನೇ ಮತ್ತೆ ಕಂಡುಹಿಡಿದು 1888ರಲ್ಲಿ ಹಕ್ಕುಪತ್ರ ಪಡೆದನು. ಥಾಮ್ಸನ್ನನ ಹಳೆಯ ಪತ್ರ ಬೆಳಕಿಗೆ ಬಂದಾಗ ಡನ್‌ಲಪ್ಪನ ಹಕ್ಕು ರದ್ದಾಯಿತು. ಆದರೂ ಗಾಳಿಯ ಟಯರು ಮಾತ್ರ ಈ ಬಾರಿ ನೆಲೆಯೂರಿತು.

ಗಾಳಿಯೊಡನೆ ಗಾಳಿ ಇಳಿಯುವ ಭಯವೂ ಹುಟ್ಟಿತು. ಪಂಕ್ಚರ್ ಎಂಬ ಪದ ಸಾಮಾನ್ಯರ ಬಾಯಿಗೆ ಬಂದುದು ಈ ಕಾಲದಲ್ಲಿ. ಅಂದಿನ ಮಾರ್ಗಗಳಲ್ಲಿ ಮೋಟಾರುಗಳಿಗಿಂತ ಕುದುರೆಗಳೇ ಹೆಚ್ಚು. ಅವುಗಳ ಲಾಳದಿಂದ ಕಳಚಿದ ಮೊಳೆಗಳು ಎಲ್ಲೆಲ್ಲಿಯೂ ಬಿದ್ದಿರುತ್ತಿದ್ದವು. ಡನ್‌ಲಪ್ಪನ ಮೊದಲ ಟಯರುಗಳನ್ನು ಗಾಲಿಗೆ ಅಂಟಿಸಿಬಿಡುತ್ತಿದ್ದುದರಿಂದ ದುರಸ್ತಿಗೆ ಗಂಟೆಗಟ್ಟಲೆ ಹಿಡಿಯುತ್ತಿತ್ತು. ಫ್ರಾನ್ಸಿನ ಕ್ಲೆರ್ಮೊಂ-ಫೆರಾಂ ಊರಿನ ಮಿಶ್ಲೆ ಸೋದರರು 1891ರಲ್ಲಿ ಬಿಚ್ಚಿ ತೆಗೆಯಬಹುದಾದ ಸೈಕಲ್ ಟಯರನ್ನು ತಂದರು. ಅದೇ ವರ್ಷ ಪ್ಯಾರಿಸಿನಿಂದ ಬ್ರೆಸ್ತಿಗೆ ಹೋಗಿ ಮರಳುವ ಸೈಕಲ್ ಪಂದ್ಯದಲ್ಲಿ ಗೆದ್ದವನು ಅದೇ ಟಯರನ್ನು ತೊಡಿಸಿದ್ದನು. 1895ರಲ್ಲಿ ಪ್ಯಾರಿಸಿನಿಂದ ಬೋರ್ದೋವಿಗೆ ಹೋಗಿ ಬರುವ ಸುಮಾರು 1,200 ಕಿಲೋಮೀಟರುಗಳ ಮೋಟಾರು ಪಂದ್ಯಕ್ಕೆ ಸೋದರರು ಗಾಳಿಯ ಟಯರಿನ ಕಾರೊಂದನ್ನು ತಾವೇ ಓಡಿಸಿಕೊಂಡು ಹೋದರು. ದಾರಿಯುದ್ದಕ್ಕೂ ಪಂಕ್ಚರುಗಳು. ಪಂದ್ಯದಲ್ಲಿ ಮೊದಲು ಬಂದದ್ದು ಗಟ್ಟಿ ಟಯರಿನ ಬಂಡಿಯೇ. ಆದರೂ ಗಾಳಿಯ ಮೇಲೆ ಮೋಟಾರು ಓಡಬಹುದೆಂಬುದು ಅಂದು ಸಿದ್ಧವಾಯಿತು.

ಅಂದಿನ ಮೋಟಾರಿನ ಗಾಲಿಯನ್ನು ಇಂದಿನಂತೆ ನಾಲ್ಕೈದು ಬೋಲ್ಟುಗಳನ್ನು ತಿರುಗಿಸಿ ಕಳಚುವಂತಿರಲಿಲ್ಲ. ಮರದ ಅರಗಳುಳ್ಳ ಆ ಗಾಲಿ ಅಚ್ಚಿಗೆ ಸೇರಿಕೊಂಡೇ ಇರುತ್ತಿತ್ತು. ಪಂಕ್ಚರಾದರೆ ಗಾಲಿ ಇದ್ದಲ್ಲಿಯೇ ಇರುವಂತೆ, ಕಬ್ಬಿಣದ ಸಲಾಕೆಗಳಿಂದ ಟಯರನ್ನು ಮೀಟಿ, ಟ್ಯೂಬನ್ನು ಎಳೆದು, ತೇಪೆ ಹಚ್ಚಿ, ಮತ್ತೆ ತೊಡಿಸಿ, ಕೈಪಂಪಿನಿಂದ ಗಾಳಿ ಹೊಡೆಯಬೇಕು. ಮಳೆಯಲ್ಲಿಯೂ ಕತ್ತಲೆಯಲ್ಲಿಯೂ ಇದನ್ನೇ ಮಾಡಬೇಕು.

ಈ ಕಷ್ಟಕ್ಕೆ ಪರಿಹಾರ ಬಂದುದು ದೊಡ್ಡ ಕಾರ್ಖಾನೆಯಿಂದಲ್ಲ. ಒಂದು ಸಣ್ಣ ಊರಿನ ಕಬ್ಬಿಣದ ಸಾಮಾನಿನ ಅಂಗಡಿಯಿಂದ. ಬ್ರಿಟನ್ನಿನ ಪಶ್ಚಿಮದಲ್ಲಿ ವೇಲ್ಸ್ ಎಂಬ ನಾಡಿದೆ. ಅಲ್ಲಿಯ ಜನರಿಗೆ ಇಂಗ್ಲಿಷಿಗಿಂತ ಬೇರೆಯಾದ ಸ್ವಂತ ಭಾಷೆಯುಂಟು. ಆ ನಾಡಿನ ಲನೆಲ್ಲಿ ಎಂಬ ಊರಿನಲ್ಲಿ ಥಾಮಸ್ ಮಾರಿಸ್ ಡೇವಿಸ್ ಮತ್ತು ಅವನ ಸೋದರ ವಾಲ್ಟರ್ ಡೇವಿಸ್ 1904ರಲ್ಲಿ ಒಂದು ಉಪಾಯವನ್ನು ಹೂಡಿದರು. ಕೆಟ್ಟ ಗಾಲಿಯನ್ನು ಕಳಚಲಾಗದಿದ್ದರೆ ಕಳಚುವುದೇ ಬೇಡ. ಅದರ ಪಕ್ಕಕ್ಕೆ ಇನ್ನೊಂದನ್ನು ಕಟ್ಟಿಬಿಟ್ಟರಾಯಿತು! ಅರಗಳಿಲ್ಲದ, ಗುಂಬವಿಲ್ಲದ ಒಂದು ಕಬ್ಬಿಣದ ಬಳೆ. ಅದರ ಮೇಲೆ ಮೊದಲೇ ಗಾಳಿ ತುಂಬಿದ ಟಯರು. ಪಂಕ್ಚರಾದಾಗ ಈ ಬಳೆಯನ್ನು ಕೆಟ್ಟ ಗಾಲಿಯ ಹೊರಮೈಗೆ ಕೊಂಡಿಗಳಿಂದ ಬಿಗಿದರೆ ಬಂಡಿಯ ಭಾರ ಹೊಸ ಟಯರಿನ ಮೇಲೆ ಬೀಳುವುದು. ಕೆಲವೇ ನಿಮಿಷಗಳಲ್ಲಿ ಪ್ರಯಾಣ ಮುಂದುವರಿಯುವುದು. ಮನೆ ತಲಪಿದ ಮೇಲೆ ನಿಧಾನವಾಗಿ ದುರಸ್ತಿ ಮಾಡಿಕೊಳ್ಳಬಹುದು.

ಅವರ ಕೆಲಸ ನಡೆಯುತ್ತಿದ್ದ ಬೀದಿಯ ಹೆಸರು ಸ್ಟೆಪ್ನಿ ಬೀದಿ. ಆ ಬೀದಿಗೆ ಹೆಸರು ಬಂದುದು ಆ ಸೀಮೆಯ ಸ್ಟೆಪ್ನಿ ಎಂಬ ಜಮೀನ್ದಾರ ಮನೆತನದಿಂದ. ಬೀದಿಯ ಹೆಸರನ್ನೇ ಗಾಲಿಗಿಟ್ಟರು. ಈ ಸ್ಟೆಪ್ನಿ ಗಾಲಿ ಬ್ರಿಟಿಷ್ ಸಾಮ್ರಾಜ್ಯ ಹರಡಿದ್ದಲ್ಲೆಲ್ಲ ಹರಡಿ ಹಡಗುಗಳಲ್ಲಿ ಭಾರತಕ್ಕೂ ಬಂತು. ಅಂದಿನಿಂದ ಕನ್ನಡ, ತುಳು, ಮಲಯಾಳ, ಹಿಂದಿ ಮುಂತಾದ ನಮ್ಮ ಭಾಷೆಗಳಲ್ಲಿ ಮೀಸಲು ಗಾಲಿಯೆಂದರೆ ಸ್ಟೆಪ್ನಿಯೇ ಆಯಿತು. ದೂರದ ಮಾಲ್ಟಾ ದ್ವೀಪದಲ್ಲಿಯೂ ಇದೇ ಹೆಸರು ನಿಂತಿತು. ಆಶ್ಚರ್ಯವೇನೆಂದರೆ, ಇಂಗ್ಲೆಂಡಿನವರು ಈ ಅರ್ಥದಲ್ಲಿ ಆ ಪದವನ್ನು ಮರೆತೇಬಿಟ್ಟರು. ಹುಟ್ಟಿದ ಮನೆಯಲ್ಲಿ ಸತ್ತ ಪದ ದೂರದ ಅಂಚಿನಲ್ಲಿ ಬದುಕಿದೆ. ಗಡಿನಾಡಿನ ಕನ್ನಡಿಗರಾದ ನಮಗೆ ಇದು ಹೊಸ ಸಂಗತಿಯಲ್ಲ. ಒಳನಾಡಿನಲ್ಲಿ ಬಳಕೆ ತಪ್ಪಿದ ಎಷ್ಟೋ ನುಡಿಗಳು ನಮ್ಮ ಮನೆಯ ಹಿರಿಯರ ಬಾಯಲ್ಲಿ ಇನ್ನೂ ಉಳಿದಿವೆಯಷ್ಟೆ.

ಹೆಸರು ಉಳಿದರೂ ಆ ರಚನೆ ಬಹುಕಾಲ ಬಾಳಲಿಲ್ಲ. 1906ರ ಜೂನ್ ತಿಂಗಳಲ್ಲಿ ಫ್ರಾನ್ಸಿನ ಲ ಮಾನ್ ಎಂಬಲ್ಲಿ ಎರಡು ದಿನಗಳ ಒಂದು ಮಹಾ ಪಂದ್ಯ ನಡೆಯಿತು. ಟಯರು ಕೆಟ್ಟರೆ ಚಾಲಕನೂ ಅವನ ಜತೆಗಾರನೂ ತಾವೇ ಬದಲಿಸಿಕೊಳ್ಳಬೇಕೆಂಬುದು ಅಲ್ಲಿಯ ಕಟ್ಟಳೆ. ಹಂಗೆರಿಯ ಫೆರೆಂಕ್ ಸಿಸ್ ಎಂಬವನ ರೆನೋ ಕಾರಿಗೆ ಮಿಶ್ಲೆ ಸೋದರರ ಹೊಸ ರಿಮ್ಮುಗಳಿದ್ದವು. ಟಯರುಸಹಿತವಾಗಿ ರಿಮ್ಮನ್ನೇ ಬಿಚ್ಚಿ ಬೇರೆಯದನ್ನು ತೊಡಿಸಬಹುದಾಗಿತ್ತು. ಉಳಿದ ಎಷ್ಟೋ ಮಂದಿ ಸುಡುಬಿಸಿಲಿನಲ್ಲಿ ಚಾಕುವಿನಿಂದ ಹಳೆಯ ಟಯರನ್ನು ಕತ್ತರಿಸಿ ತೆಗೆಯುತ್ತ ಕಾಲು ಗಂಟೆ ಕಳೆಯುತ್ತಿದ್ದರೆ, ಸಿಸ್ ನಾಲ್ಕು ನಿಮಿಷದೊಳಗೆ ಹೊರಡುತ್ತಿದ್ದನು. ಗೆದ್ದವನು ಅವನೇ. 1908ರಲ್ಲಿ ಇಂಗ್ಲೆಂಡಿನ ಕವೆಂಟ್ರಿ ನಗರದ ರಜ್-ವಿಟ್‌ವರ್ತ್ ಕಂಪೆನಿಯು ಗುಂಬದಿಂದಲೇ ಕಳಚಿ ತೆಗೆಯಬಹುದಾದ ತಂತಿಯರದ ಗಾಲಿಯನ್ನು ತಂದಿತು. ಪೂರ್ತಿ ಗಾಲಿಯನ್ನೇ ಬದಲಿಸಲು ಸಾಧ್ಯವಾದ ಮೇಲೆ ಪಕ್ಕಕ್ಕೆ ಕಟ್ಟುವ ಬಳೆಯ ಅಗತ್ಯ ತಪ್ಪಿತು. ವಸ್ತು ಬದಲಾದರೂ ನಮ್ಮ ಜನ ಹೆಸರನ್ನು ಬದಲಿಸಲಿಲ್ಲ.

ಮುಂದಿನ ಕಥೆ ಈ ಗಾಲಿಯನ್ನು ಎಲ್ಲಿ ಇಡುವುದೆಂಬುದು. 1920–30ರ ದಶಕಗಳ ದೊಡ್ಡ ಕಾರುಗಳಲ್ಲಿ ಎರಡೂ ಮಡ್ಗಾರ್ಡುಗಳ ಮೇಲೆ ಒಂದೊಂದರಂತೆ ಎರಡು ಮೀಸಲು ಗಾಲಿಗಳು ಅಲಂಕಾರದಂತೆ ಮೆರೆಯುತ್ತಿದ್ದವು. ಕ್ರಮೇಣ ಒಂದಾಗಿ, ಹಿಂಬದಿಗೆ ಹೋಗಿ, ಕೊನೆಗೆ ಡಿಕ್ಕಿಯೊಳಗೆ ಅಡಗಿತು. ನಮ್ಮ ಅಂಬಾಸಿಡರಿನಲ್ಲಿ ಡಿಕ್ಕಿಯೊಳಗೆ ಮಲಗಿರುತ್ತಿದ್ದ ಸ್ಟೆಪ್ನಿಯನ್ನು ಹಿರಿಯರು ನೆನೆಯಬಲ್ಲರು. ಜರ್ಮನಿಯ ‘ಬೀಟಲ್’ ಎಂಬ ಸಣ್ಣ ಕಾರಿನಲ್ಲಿ ಎಂಜಿನ್ ಹಿಂದಿದ್ದುದರಿಂದ ಸ್ಟೆಪ್ನಿ ಮುಂದಿತ್ತು. ಅದರೊಳಗಿನ ಗಾಳಿಯ ಒತ್ತಡದಿಂದಲೇ ಮುಂಗಾಜು ತೊಳೆಯುವ ನೀರು ಚಿಮ್ಮುವಂತೆಯೂ ಮಾಡಿದ್ದರು. ಜೀಪಾದರೋ ಇಂದಿಗೂ ಅದನ್ನು ಬೆನ್ನಿಗೆ ಕಟ್ಟಿಕೊಂಡೇ ತಿರುಗುತ್ತಿದೆ.

ಇನ್ನು ಈ ಗಾಲಿ ಮರೆಯಾಗತೊಡಗಿದ ಬಗೆಯನ್ನು ನೋಡೋಣ. ಮೊದಲನೆಯ ಕಾರಣ, ಟಯರುಗಳು ಉತ್ತಮವಾದುದು. ಅಮೆರಿಕದ ಗುಡ್‌ರಿಚ್ ಕಂಪೆನಿಯು 1947ರಲ್ಲಿ ಟ್ಯೂಬಿಲ್ಲದ ಟಯರನ್ನು ಪ್ರಕಟಿಸಿತು. 1955ರ ಸುಮಾರಿಗೆ ಅಮೆರಿಕದ ಹೊಸ ಕಾರುಗಳಲ್ಲಿ ಅದು ಸಾಮಾನ್ಯವಾಯಿತು. ಟ್ಯೂಬಿನಲ್ಲಿ ಮೊಳೆ ಚುಚ್ಚಿದರೆ ಗಾಳಿ ಒಮ್ಮೆಲೇ ಇಳಿಯುವುದು. ಟ್ಯೂಬಿಲ್ಲದ ಟಯರಿನಲ್ಲಿ ರಬ್ಬರು ಮೊಳೆಯನ್ನು ಬಿಗಿಯಾಗಿ ಕಚ್ಚಿಕೊಳ್ಳುವುದರಿಂದ ಗಾಳಿ ಮೆಲ್ಲಮೆಲ್ಲನೆ ಸೋರುವುದು. ಗಾಲಿಯನ್ನು ಕಳಚದೆಯೇ ರಂಧ್ರಕ್ಕೆ ರಬ್ಬರಿನ ಬತ್ತಿ ತುರುಕಿ ಸರಿಪಡಿಸಲೂ ಬಹುದು. ಮಿಶ್ಲೆ ಕಂಪೆನಿಯು 1946ರಲ್ಲಿ ಹಕ್ಕುಪತ್ರ ಪಡೆದ ರೇಡಿಯಲ್ ಟಯರಿನಲ್ಲಿ ಉಕ್ಕಿನ ತಂತಿಗಳ ಪಟ್ಟಿ ಸೇರಿ ಬಾಳಿಕೆಯೂ ಹೆಚ್ಚಿತು. ಕುದುರೆಗಳು ಮಾರ್ಗದಿಂದ ಮರೆಯಾದ ಮೇಲೆ ಲಾಳದ ಮೊಳೆಗಳೂ ಇಲ್ಲವಾದವು. ಹೀಗೆ ಪಂಕ್ಚರೆಂಬುದು ನಿತ್ಯದ ಗೋಳಾಗಿದ್ದುದು ಅಪರೂಪದ ಸಂಗತಿಯಾಯಿತು.

ಎರಡನೆಯ ಕಾರಣ, ಜಾಗ ಮತ್ತು ತೂಕ. ಅಮೆರಿಕದಲ್ಲಿ 1975ರ ಕಾನೂನು ಕಾರುಗಳ ಇಂಧನ ವ್ಯಯಕ್ಕೆ ಮಿತಿ ಹಾಕಿದಾಗ ತಯಾರಕರು ಪ್ರತಿಯೊಂದು ಕಿಲೋಗ್ರಾಮನ್ನೂ ತೂಗಿ ನೋಡತೊಡಗಿದರು. ಮೊದಲು ಪೂರ್ಣ ಗಾತ್ರದ ಗಾಲಿಯ ಬದಲಿಗೆ ಸಪೂರವಾದ ತಾತ್ಕಾಲಿಕ ಗಾಲಿ ಬಂತು. ಅದರಲ್ಲಿ ಓಡಿಸುವಾಗ ಗಂಟೆಗೆ 80 ಕಿಲೋಮೀಟರು ಮೀರಬಾರದು. ದೂರದ ಪ್ರಯಾಣವನ್ನೂ ಮಾಡಬಾರದು. ಗಾಳಿಯಿಲ್ಲದಿದ್ದರೂ ಗಟ್ಟಿಯಾದ ಪಕ್ಕಗಳ ಬಲದಿಂದ ಸುಮಾರು 80 ಕಿಲೋಮೀಟರು ಸಾಗಬಲ್ಲ ಟಯರುಗಳೂ ಬಂದವು. ಅವು ದುಬಾರಿ, ಸವಾರಿಯೂ ಗಡುಸು. ಕೊನೆಗೆ ಬಂದುದು, ಆ ರಾತ್ರಿ ನಾವು ಕಂಡ ಬಾಟಲಿ ಮತ್ತು ಪುಟ್ಟ ಯಂತ್ರ. ಅಮೆರಿಕನ್ ಆಟೊಮೊಬೈಲ್ ಅಸೋಸಿಯೇಷನ್ ಎಂಬ ಮೋಟಾರು ಬಳಕೆದಾರರ ಸಂಘವು 2015ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಮೀಸಲು ಗಾಲಿಯಿಲ್ಲದ ಕಾರು ಮಾದರಿಗಳು ಆ ದೇಶದಲ್ಲಿ 2006ರಲ್ಲಿ ನೂರಕ್ಕೆ 5 ಇದ್ದುದು 2015ರಲ್ಲಿ ನೂರಕ್ಕೆ 36 ಆದುವು.

ಮೂರನೆಯ ಕಾರಣ, ಟಯರಿನ ಒತ್ತಡವನ್ನು ಅಳೆದು ಚಾಲಕನ ಮುಂದೆ ದೀಪ ಉರಿಸುವ ಉಪಕರಣ. 2000ದಲ್ಲಿ ಅಮೆರಿಕದಲ್ಲಿ ಒಂದು ಬಗೆಯ ಟಯರುಗಳು ಒಡೆದು ಬಂಡಿಗಳು ಉರುಳಿ ಅನೇಕರು ಪ್ರಾಣ ಕಳೆದುಕೊಂಡ ನಂತರ, ಅದೇ ವರ್ಷ ಬಂದ ಕಾನೂನಿನ ಫಲವಾಗಿ ಈ ಉಪಕರಣ ಅಲ್ಲಿ ಕಡ್ಡಾಯವಾಯಿತು. ಪ್ರಾಣರಕ್ಷಣೆಗೆ ಬಂದ ಈ ಉಪಕರಣವೇ ಮುಂದೆ ಐದನೆಯ ಗಾಲಿಯನ್ನು ಬಿಡಲು ಒಂದು ಸಮರ್ಥನೆಯಾಯಿತೆಂಬುದು ಗಮನಾರ್ಹ.

ನಮ್ಮ ದೇಶದಲ್ಲಿ ಕಾರಿನೊಡನೆ ಮೀಸಲು ಗಾಲಿಯನ್ನು ಕೊಡಬೇಕೆಂಬ ಕಟ್ಟಳೆ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಇತ್ತು. 2020ರ ಜುಲೈ ತಿಂಗಳಲ್ಲಿ ಕೇಂದ್ರದ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯವು ಅದನ್ನು ತಿದ್ದಿತು. ಚಾಲಕನೂ ಸೇರಿ ಒಂಬತ್ತು ಮಂದಿಗೆ ಮೀರದ ಆಸನಗಳುಳ್ಳ, 3.5 ಟನ್ನಿಗೆ ಮೀರದ ತೂಕದ ಪ್ರಯಾಣಿಕ ಬಂಡಿಗಳಿಗೆ ಟ್ಯೂಬಿಲ್ಲದ ಟಯರು, ಒತ್ತಡ ತಿಳಿಸುವ ಉಪಕರಣ, ದುರಸ್ತಿಯ ಸಲಕರಣೆ ಇವಿಷ್ಟಿದ್ದರೆ ಸ್ಟೆಪ್ನಿ ಬೇಕಿಲ್ಲವೆಂದು ವಿಧಿಸಿತು. 2020ರ ಅಕ್ಟೋಬರ್ 1ರಿಂದ ಇದು ಜಾರಿಗೆ ಬಂತು. ಉಳಿಯುವ ಜಾಗದಲ್ಲಿ ವಿದ್ಯುತ್ ಕಾರಿನ ಬ್ಯಾಟರಿಯಂತಹವನ್ನು ಇಡಬಹುದೆಂಬುದೂ ಇದರ ಉದ್ದೇಶಗಳಲ್ಲೊಂದು. ಸ್ಟೆಪ್ನಿ ಕೊಡಬಾರದೆಂದು ನಿಯಮ ಹೇಳಿಲ್ಲ. ಕೊಡದಿದ್ದರೂ ಆಗುವುದೆಂದಷ್ಟೇ ಹೇಳಿದೆ. ಕೊಡದಿದ್ದರಾಗುವುದೆಂದ ಮೇಲೆ ವ್ಯಾಪಾರಸ್ಥನು ಎಷ್ಟು ಕಾಲ ಕೊಟ್ಟಾನು?

ಈ ವಿಷಯದಲ್ಲಿ ನಾವು ಒಂದೇ ಮಗ್ಗುಲನ್ನು ನೋಡಬಾರದು. ತರಗತಿಯಲ್ಲಿ ಒಂದು ಲೆಕ್ಕ ಮಾಡಿಸಿದೆವು. ಸುಮಾರು 45 ಕಿಲೋಗ್ರಾಂ ಭಾರ ಹೆಚ್ಚಿದರೆ ಕಾರಿನ ಇಂಧನ ನೂರಕ್ಕೆ ಒಂದರಷ್ಟು ಹೆಚ್ಚಾಗಿ ಖರ್ಚಾಗುವುದೆಂದು ತಜ್ಞರ ಅಂದಾಜು. ಗಾಲಿ, ಜಾಕಿ ಸೇರಿ 15 ಕಿಲೋಗ್ರಾಂ ಎಂದಿಟ್ಟುಕೊಂಡರೆ ಅದರ ಮೂರನೆಯ ಒಂದಂಶ. ಲೀಟರಿಗೆ 15 ಕಿಲೋಮೀಟರು ಓಡುವ ಕಾರು ವರ್ಷಕ್ಕೆ 10,000 ಕಿಲೋಮೀಟರು ಓಡಿದರೆ ಬೇಕಾಗುವುದು ಸುಮಾರು 667 ಲೀಟರು. ಸ್ಟೆಪ್ನಿಯನ್ನು ಬಿಟ್ಟರೆ ಆಗುವ ಉಳಿತಾಯ ಸುಮಾರು 2.2 ಲೀಟರು. ಒಂದು ಮನೆಗೆ ಇದು ಅಲ್ಪ. ಆದರೆ ಒಂದು ಲಕ್ಷ ಕಾರುಗಳಿಗೆ ವರ್ಷಕ್ಕೆ 2,20,000 ಲೀಟರು! ಕಂಪೆನಿಗೆ ಲಕ್ಷ ಟಯರುಗಳ ಬೆಲೆಯೂ ಉಳಿಯಿತು. ಹೆದ್ದಾರಿಯ ಬದಿಯಲ್ಲಿ ವೇಗದ ವಾಹನಗಳ ನಡುವೆ ಬಗ್ಗಿ ಗಾಲಿ ಬದಲಿಸುವುದು ಅಪಾಯಕರವೆಂಬುದೂ, ಅನೇಕರಿಗೆ ಆ ಕೆಲಸವೇ ಬಾರದೆಂಬುದೂ ನಿಜ. ಆದುದರಿಂದ ಈ ನಿಯಮವನ್ನು ಮಾಡಿದವರು ತಿಳಿಗೇಡಿಗಳೆಂದು ನಾವು ಹೇಳಲಾರೆವು.

ಆದರೆ ಬಾಟಲಿಯ ದ್ರವಕ್ಕೆ ಅದರದೇ ಮಿತಿಯುಂಟು. ಟಯರಿನ ನೆಲ ತಾಗುವ ಭಾಗದಲ್ಲಿ ಮೊಳೆ ಮಾಡಿದ ಸಣ್ಣ ರಂಧ್ರವನ್ನು ಅದು ಮುಚ್ಚಬಲ್ಲುದು. ಪಕ್ಕದ ಗೋಡೆ ಸೀಳಿದರೆ, ಟಯರು ಒಡೆದರೆ, ಕಲ್ಲಿಗೆ ಬಡಿದು ರಿಮ್ಮು ಬಾಗಿದರೆ ಅದು ನಿರುಪಯೋಗಿ. ಒಮ್ಮೆ ಬಳಸಿದರೆ ತೀರಿತು. ಬಳಸದಿದ್ದರೂ ಕೆಲವು ವರ್ಷಗಳಲ್ಲಿ ಅವಧಿ ಮುಗಿಯುವುದು. ಮುರಕಲ್ಲಿನ ನಾಡಿನಲ್ಲಿ, ಆಟಿಯ ಮಳೆಯಲ್ಲಿ, ಕೊರಕಲು ಬಿದ್ದ ಒಳದಾರಿಗಳಲ್ಲಿ ಟಯರು ಕೆಡುವುದು ಮೊಳೆಯಿಂದ ಮಾತ್ರವಲ್ಲ.

ಇಲ್ಲಿಯೇ ಈ ಚರಿತ್ರೆಯ ತಿರುಳಿದೆಯೆಂದು ನಮ್ಮ ಅಭಿಪ್ರಾಯ. ಸ್ಟೆಪ್ನಿಯನ್ನು ಬಿಟ್ಟವರು ಸರಾಸರಿಯ ಲೆಕ್ಕ ಹಾಕಿದರು. ಸರಾಸರಿ ಚಾಲಕನಿಗೆ ಒಳ್ಳೆಯ ಮಾರ್ಗವಿದೆ, ಕೈಯಲ್ಲಿ ದೂರವಾಣಿಯಿದೆ, ಕರೆದರೆ ಗಂಟೆಯೊಳಗೆ ಬರುವ ಸಹಾಯವಿದೆ. ಸರಾಸರಿ ಸುಳ್ಳಲ್ಲ, ಆದರೆ ಅಂಚಿನಲ್ಲಿರುವವನು ಅದರಲ್ಲಿ ಕಾಣಿಸುವುದಿಲ್ಲ. ಉಳಿತಾಯವನ್ನು ಎಲ್ಲರೂ ಹಂಚಿಕೊಂಡರೂ ಕಷ್ಟವು ಕೆಲವರ ಪಾಲಿಗೇ ಬೀಳುವುದು. ಮಕ್ಕಳ ಸಂಖ್ಯೆಯ ಲೆಕ್ಕದಲ್ಲಿ ನಮ್ಮ ಕನ್ನಡ ಶಾಲೆಗಳ ಅಳಿವು ಉಳಿವನ್ನು ತೂಗುವುದನ್ನು ಕಂಡಿರುವ ನಮಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೀಸಲು ಎಂಬುದರ ಅರ್ಥವೇ ನೂರರಲ್ಲಿ ತೊಂಬತ್ತೊಂಬತ್ತು ದಿನ ಉಪಯೋಗಕ್ಕೆ ಬಾರದಿರುವುದು. ನೂರನೆಯ ದಿನಕ್ಕಾಗಿ ಅದನ್ನು ಹೊರುತ್ತೇವೆ. ಅಟ್ಟದ ಮೇಲಿನ ಬಿತ್ತನೆಯ ಬತ್ತವನ್ನು ಯಾವ ರೈತನೂ ವ್ಯರ್ಥವಾದ ಭಾರವೆಂದು ಎಣಿಸುವುದಿಲ್ಲ.

ಕಾರು ಕೊಳ್ಳುವ ಅಧ್ಯಾಪಕ ಬಂಧುಗಳು ಬಣ್ಣವನ್ನೂ ಬೆಲೆಯನ್ನೂ ಕೇಳುವ ಮೊದಲು ಡಿಕ್ಕಿಯನ್ನು ತೆರೆಸಿ ನೋಡಬೇಕೆಂದು ನಮ್ಮ ವಿನಂತಿ. ಸ್ಟೆಪ್ನಿಯಿಲ್ಲದಿದ್ದರೆ, ಅದೇ ಅಳತೆಯದನ್ನು ಬೇರೆಯಾಗಿ ಕೊಳ್ಳಲು ಸಾಧ್ಯವೇ ಎಂದು ವಿಚಾರಿಸಬೇಕು. ಜಾಕಿ, ಸ್ಪಾನರುಗಳನ್ನೂ ಮರೆಯಬಾರದು. ಸ್ಟೆಪ್ನಿಯಿರುವವರು ಅದರ ಗಾಳಿಯನ್ನು ತಿಂಗಳಿಗೊಮ್ಮೆ ನೋಡಿಸಬೇಕು. ಗಾಳಿಯಿಲ್ಲದ ಸ್ಟೆಪ್ನಿ ಇದ್ದೂ ಇಲ್ಲದಂತೆಯೇ. ನಮ್ಮ ಸಹೋದ್ಯೋಗಿ ಮರುವಾರವೇ ಒಂದು ಗಾಲಿ ಕೊಂಡು, ಡಿಕ್ಕಿಯ ಅರ್ಧ ಜಾಗ ಹೋದರೂ ಸರಿಯೆಂದು ಹಗ್ಗದಿಂದ ಬಿಗಿದು ಇಟ್ಟುಕೊಂಡಿದ್ದಾರೆ. ಅದನ್ನು ಬದಲಿಸುವ ಕ್ರಮವನ್ನು ಅವರಿಗೂ ನಮಗೂ ಕಲಿಸಿಕೊಟ್ಟವನು ಆ ಜೀಪಿನ ಚಾಲಕನೇ.

ಹುಡುಗಿಯ ಪ್ರಶ್ನೆಗಳಿಗೆ ನಾವು ತರಗತಿಯಲ್ಲಿ ಹೀಗೆ ಉತ್ತರ ಕೊಟ್ಟೆವು: “ಸ್ಟೆಪ್ನಿ ಎಂಬುದು ವೇಲ್ಸ್ ನಾಡಿನ ಒಂದು ಬೀದಿಯ ಹೆಸರು. ಅಲ್ಲಿ ಇಬ್ಬರು ಅಣ್ಣತಮ್ಮಂದಿರು ದಾರಿಯಲ್ಲಿ ಸಿಕ್ಕಿಬಿದ್ದವರಿಗಾಗಿ ಒಂದು ಗಾಲಿಯನ್ನು ಮಾಡಿದರು. ಈಗ ದಾರಿಯಲ್ಲಿ ಸಿಕ್ಕಿಬೀಳುವವರು ಕಡಿಮೆಯೆಂದು ಅದನ್ನು ಬಿಡುತ್ತಿದ್ದಾರೆ.” ಅವಳು ಸ್ವಲ್ಪ ಹೊತ್ತು ಯೋಚಿಸಿ, “ಕಡಿಮೆಯೆಂದರೆ ಇಲ್ಲವೆಂದು ಅರ್ಥವೇ ಮಾಸ್ಟ್ರೇ?” ಎಂದು ಕೇಳಿದಳು. ಅಲ್ಲವೆಂದೆವು. ಪಾಠದ ಪಟ್ಟಿಯಲ್ಲಿ ಬಟಾಟೆ, ಅನಾನಸು, ಪಾದ್ರಿಗಳ ಕೆಳಗೆ ಸ್ಟೆಪ್ನಿಯನ್ನೂ ಬರೆದು, ಎದುರಿಗೆ 1904 ಎಂಬ ವರ್ಷವನ್ನು ಸೇರಿಸಿದೆವು. ಮಕ್ಕಳೆಲ್ಲರೂ ಅದನ್ನು ತಮ್ಮ ಪುಸ್ತಕಗಳಲ್ಲಿ ಬರೆದುಕೊಂಡರು.